ವಿಧವೆಯ ಸಾಲ, ಎಣ್ಣೆಯ ಕುಡಿಕೆ (2 ಅರಸುಗಳು 4:1-7)

ಸಾಲ ಕೊಟ್ಟವನು ಮಕ್ಕಳನ್ನೇ ಒಯ್ಯಲು ಬಂದಾಗ ಆ ವಿಧವೆ ಅಡಗಿಕೊಳ್ಳಲಿಲ್ಲ, ಎಲೀಷನಿಗೆ ಮೊರೆಯಿಟ್ಟಳು. ಮನೆಯಲ್ಲಿ ಏನೈತಿ ಅಂತ ಪ್ರವಾದಿ ಕೇಳಿದನು.

ನಮ್ಮ ಹುಲಿಹೈದರದಲ್ಲೂ ಗಂಡನನ್ನು ಕಳಕೊಂಡ ತಂಗಿಯರಿದ್ದಾರೆ. ಸಾಲದ ವಿಮೆ ಕೊಡಲ್ಲ ಅಂತ ಕಂಪನಿ ಅಂದರೆ, ಕಂತಿನವರು ಬಾಗಿಲಿಗೆ ಬರತಾರೆ. ತಂಗೀ, ನಾನು ಹೇಳತೀನಿ, ಟ್ರಂಕಿನಲ್ಲಿರುವ ವಿಮೆ ಪತ್ರವೇ ನಿನ್ನ ಎಣ್ಣೆಯ ಕುಡಿಕೆ. ಮೊದಲು ವಿಮೆ ಕಂಪನಿಗೆ ಬರೆದು ದೂರು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಶುಲ್ಕವಿಲ್ಲದೆ ಕೇಳತಾರೆ. ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಬಾರದು, ರಿಸರ್ವ್ ಬ್ಯಾಂಕಿನ ನಿಯಮ ಐತಿ.

ಎಣ್ಣೆ ಮಾರಿ ಸಾಲ ತೀರಿಸು ಅಂದನು ಪ್ರವಾದಿ. ನಾವು ಸಾಲ ಮುಳುಗಿಸುವವರಲ್ಲ. ಆದರೆ ಪಾತ್ರೆ ಕೊಟ್ಟವರು ನೆರೆಯವರು. ಕಂತಿನವರು ಬಂದಾಗ ಆಕೆಯ ಜೊತೆ ಸಭೆಯವರು ಇಬ್ಬರಾದರೂ ಹೋಗಿ ಕೂಡ್ರಿ. ಆಮೆನ್.