ಹೂಂ ಅಂದದ್ದು ಒಪ್ಪಿದ್ದಲ್ಲ

ಕರಾವಳಿಯ ಬೀಜಾಡಿಯಲ್ಲಿ ಮನೆಬಾಗಿಲಿಗೆ ಬಂದ ಮೀನಿಗೆ ದರ ಇಳಿಸುವ ಮಾತು ಶುರುವಾಗುವುದೇ ಹೊಗಳಿಕೆಯಿಂದ. ‘ಬಂಗ್ಡಿ ಲಾಯ್ಕ್ ಇತ್ತ್ ಮಾರಾಯ್ತಿ, ಇಲ್ಲೆ ಅಂದೋರ್ ಯಾರ್? ಆರೆ ರೇಟ್ ಒಂಚೂರ್ ಕಾಣ್.’ ಮೀನಿನವಳೂ ಕಡಿಮೆಯಿಲ್ಲ. ‘ನೀವ್ ಹೇಳೂದ್ ಸಮವೇ ಅಮ್ಮ, ಆರೆ ಬಲಿಗ್ ಮೀನೇ ಬೀಳೂದಿಲ್ಲೆ.’ ಹತ್ತು ನಿಮಿಷ ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪುತ್ತಲೇ ಇರುತ್ತಾರೆ. ದರವನ್ನು ಮಾತ್ರ ಯಾರೂ ಒಪ್ಪಿರುವುದಿಲ್ಲ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗ ಹೇಳುತ್ತಿರುತ್ತಾನೆ: ‘ನೋ. ನಾಟ್ ಪಾಸಿಬಲ್.’

ಅಮ್ಮನ ನಯ ಮಗನಿಗೆ ಬಂದಿಲ್ಲವೆಂದಲ್ಲ. ಹೊರಗೆ ಬಂದು ಮೀನಿನವಳ ಹತ್ತಿರ ಮಾತಿಗೆ ನಿಂತರೆ ಅವನೂ ಹಾಗೆಯೇ ಮಾತಾಡುತ್ತಾನೆ. ಇಂಗ್ಲಿಷಿಗೆ ಹೊರಳಿದಾಗ ಮಾತ್ರ ಆ ನಯ ಹೊಸಿಲಾಚೆಯೇ ಉಳಿಯುತ್ತದೆ. ಯಾಕೆಂದರೆ ಶಾಲೆಯಲ್ಲಿ ನಾವು ಇಂಗ್ಲಿಷ್ ಕಲಿತದ್ದು ಉತ್ತರ ಹೇಳುವುದಕ್ಕೆ, ಚರ್ಚೆ ಮಾಡುವುದಕ್ಕಲ್ಲ. ‘ಎಸ್ ಸರ್’, ‘ನೋ ಸರ್’. ಅವೆರಡರ ನಡುವೆ ಏನಿದೆಯೆಂದು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಆ ನಡುವಿನ ಜಾಗದ ಬಗ್ಗೆ ಅನಿತಾ ಪೊಮೆರಾಂಟ್ಜ್ ಎಂಬ ಅಮೆರಿಕದ ವಿದ್ವಾಂಸೆ 1984ರಲ್ಲಿ ಬರೆದರು. ಇಂಗ್ಲಿಷ್ ಮನೆಮಾತಿನವರು ಮಾತಾಡುವುದನ್ನು ಧ್ವನಿಮುದ್ರಿಸಿ ಕೇಳಿದಾಗ ಕಂಡದ್ದಿಷ್ಟು: ಒಪ್ಪಿಗೆ ತಟ್ಟನೆ ಬರುತ್ತದೆ, ಭಿನ್ನಮತ ತಡವಾಗಿ ಬರುತ್ತದೆ. ಮೊದಲು ಒಂದು ಮೌನ, ಆಮೇಲೆ ಒಂದು ‘ವೆಲ್’, ಅರ್ಧ ಒಪ್ಪಿಗೆ, ಕೊನೆಗೆ ‘ಬಟ್’. ಅಂದರೆ ನಮ್ಮ ಮೀನಿನ ವ್ಯಾಪಾರದ್ದೇ ದಾರಿ. ವಾಕ್ಯ ಕಟ್ಟುವ ಗಡಿಬಿಡಿಯಲ್ಲಿರುವವನಿಗೆ ಈ ಸುತ್ತುದಾರಿಗೆ ಪುರುಸೊತ್ತೆಲ್ಲಿ? ಕ್ರಿಯಾಪದ ಸರಿಯಾಯಿತೇ ಎಂದು ನೋಡುವಷ್ಟರಲ್ಲಿ ‘ನೋ’ ಬಾಯಿಂದ ಹೊರಬಿದ್ದಿರುತ್ತದೆ.

ಇಲ್ಲೊಂದು ವಿಚಿತ್ರವಿದೆ. ‘ಐ ಯಾಮ್ ನಾಟ್ ಅಗ್ರೀ’ ಎಂದು ತಪ್ಪಾಗಿ ಹೇಳಿದವನನ್ನು ಕೇಳಿದವರು ಕ್ಷಮಿಸುತ್ತಾರೆ, ಪಾಪ, ಇನ್ನೂ ಕಲಿಯುತ್ತಿದ್ದಾನೆ ಎಂದು. ‘ಯು ಆರ್ ರಾಂಗ್’ ಎಂದು ಒಂದಕ್ಷರ ತಪ್ಪದೆ ಹೇಳಿದವನು ಒರಟನೆನಿಸಿಕೊಳ್ಳುತ್ತಾನೆ. ಭಾಷಾವಿಜ್ಞಾನಿ ಜೆನ್ನಿ ಥಾಮಸ್ 1983ರಲ್ಲೇ ಇದನ್ನು ಗುರುತಿಸಿದ್ದರು: ವ್ಯಾಕರಣದ ತಪ್ಪು ಭಾಷೆಯ ಲೆಕ್ಕಕ್ಕೆ ಹೋಗುತ್ತದೆ, ಮಾತಿನ ರೀತಿಯ ತಪ್ಪು ಮನುಷ್ಯನ ಗುಣದ ಲೆಕ್ಕಕ್ಕೆ. ಇಂಗ್ಲಿಷ್ ಚೆನ್ನಾದಷ್ಟೂ ಅಪಾಯ ಹೆಚ್ಚು! ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ಇದಕ್ಕೆ ಕೊಡುವ ಮದ್ದು ‘ಐ ಬೆಗ್ ಟು ಡಿಫರ್’. ಇಪ್ಪತ್ತೆರಡರ ಹುಡುಗ ಹಾಗೆಂದರೆ ಹಳೇ ಕೋರ್ಟಿನ ವಕೀಲರು ಎದ್ದು ಬಂದಂತಾಗುತ್ತದೆ.

ನಿಜಕ್ಕೂ ವಾದ ಮಾಡಲು ಬಾರದ ಸೀಮೆ ನಮ್ಮದಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಉಳಿದದ್ದೆಲ್ಲ ಅರ್ಥಧಾರಿಗಳ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು, ಬಾಣ ನಾಟಿಸಿಕೊಂಡು ಬಿದ್ದವನೂ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕಬಲ್ಲ. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಹಾಗೇ ತಳ್ಳಿಹಾಕುವುದಿಲ್ಲ. ಅದನ್ನೇ ಎತ್ತಿಕೊಂಡು, ಅರ್ಧ ಒಪ್ಪಿ, ಆ ಅರ್ಧದಿಂದಲೇ ತಿರುಗೇಟು ಕೊಡುತ್ತಾನೆ. ಇಂಥದ್ದನ್ನು ಕೇಳಿ ಬೆಳೆದವರು ಮೀಟಿಂಗಿನಲ್ಲಿ ಬಾಯಿ ಕಟ್ಟಿ ಕೂರುವುದು ನೋಡಿದರೆ ಬೇಸರವಾಗುತ್ತದೆ.

ಬರಿಯ ‘ನೋ’ಗಿಂತ ಹೆಚ್ಚು ತೊಂದರೆ ಕೊಡುವುದು ‘ಎಸ್ ಎಸ್’. ಎದುರಿಗಿದ್ದವರು ಮಾತಾಡುವಾಗ ಹೂಂಗುಟ್ಟುವುದು ನಮ್ಮಲ್ಲಿ ಮರ್ಯಾದೆ. ಕೇಳುತ್ತಿದ್ದೇನೆ, ಮುಂದುವರಿಸಿ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನಲ್ಲಿ ಆ ಹೂಂ ‘ಎಸ್ ಎಸ್’ ಆಗುತ್ತದೆ. ಶುಕ್ರವಾರದೊಳಗೆ ಮುಗಿಸಬೇಕು ಎಂದು ಮ್ಯಾನೇಜರ್ ಹೇಳುತ್ತಿರುವಾಗ ಹುಡುಗ ಹೂಂಗುಟ್ಟಿದ್ದಾನೆ. ಫೋನಿನಾಚೆ ಇದ್ದವರು ಅದನ್ನು ಒಪ್ಪಿಗೆಯೆಂದು ಬರೆದುಕೊಂಡಿದ್ದಾರೆ. ಶುಕ್ರವಾರ ಬರುತ್ತದೆ, ಕೆಲಸ ಆಗಿರುವುದಿಲ್ಲ. ಅವರ ಕಣ್ಣಿಗೆ ಇವನು ಮಾತಿಗೆ ತಪ್ಪಿದವನು. ಇವನಿಗೋ ತಾನು ಮಾತು ಕೊಟ್ಟದ್ದೇ ನೆನಪಿಲ್ಲ, ಏಕೆಂದರೆ ಕೊಟ್ಟಿರಲಿಲ್ಲ.

ಇದನ್ನೆಲ್ಲ ಹುಡುಗನೊಬ್ಬನೇ ತಿದ್ದಿಕೊಳ್ಳಲಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಕೆಲಸ ಕೇಳುವವರದ್ದು. ಅನುಭವವಿದ್ದ ಮ್ಯಾನೇಜರು ‘ಶುಕ್ರವಾರ ಆಗುತ್ತದಲ್ಲ?’ ಎಂದು ಕೇಳುವುದಿಲ್ಲ, ‘ಶುಕ್ರವಾರಕ್ಕೆ ಏನೇನು ಅಡ್ಡ ಬರಬಹುದು?’ ಎಂದು ಕೇಳುತ್ತಾರೆ. ಆಗ ‘ನೋ’ ಎನ್ನುವ ಪ್ರಸಂಗವೇ ಬರುವುದಿಲ್ಲ. ಟೆಸ್ಟಿಂಗ್‌ಗೆ ಇನ್ನೊಬ್ಬರು ಬೇಕು, ಬೀಜಾಡಿಯಲ್ಲಿ ಮಳೆ ಬಂದರೆ ಕರೆಂಟು ಇರುವುದಿಲ್ಲ ಎಂದರೆ ಸಾಕು.