ಸೇವೆಗೆ ಸಂಬಳ ಕೇಳಬಹುದೇ?

ಶಿರಾ ಗೇಟಿನ ನಮ್ಮ ಓಣಿಯ ಹುಡುಗಿಯೊಬ್ಬಳು ಎಂ.ಎಸ್.ಡಬ್ಲ್ಯು. ಮುಗಿಸಿ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ದಿನ ಸಂಜೆ ಬಂದವಳ ಮುಖ ಬೆಳಗುತ್ತಿತ್ತು. "ಚಾಚಾ, ಅಲ್ಲಿ ಸಾರ್, ಮೇಡಂ ಅನ್ನುವ ಹಾಗಿಲ್ಲ. ಎಲ್ಲರೂ ಅಣ್ಣ, ಅಕ್ಕ. ಕಾರ್ಯದರ್ಶಿಯವರೂ ನಮ್ಮ ಜೊತೆ ಚಾಪೆಯ ಮೇಲೆ ಕೂತು ಊಟ ಮಾಡಿದರು" ಎಂದಳು. ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಮಹಿಳಾ ಸಂಘಗಳ ಲೆಕ್ಕ ಬರೆಯುವುದು, ಬೀಡಿ ಕಟ್ಟುವ ಹೆಂಗಸರ ಸಭೆ ನಡೆಸುವುದು, ಎಲ್ಲವನ್ನೂ ಒಂದು ತಿಂಗಳಲ್ಲಿ ಕಲಿತಳು.

ಎರಡನೆಯ ತಿಂಗಳ ಕೊನೆಗೆ ಆ ಮುಖ ಬಾಡಿತ್ತು. ನೇಮಕಾತಿ ಪತ್ರ ಕೈಸೇರಿರಲಿಲ್ಲ. ದಾನಿಗಳ ಕಂತು ಬಂದಿಲ್ಲವೆಂದು ಸಂಬಳವೂ ನಿಂತಿತ್ತು. ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸೇನೋ ಪುಕ್ಕಟೆ; ಅಮ್ಮಿಯ ಔಷಧಿ, ತಮ್ಮನ ಫೀಸು ಪುಕ್ಕಟೆಯಲ್ಲ. "ಕೇಳಬಾರದೇನಮ್ಮಾ?" ಎಂದೆವು. "ಹೇಗೆ ಕೇಳಲಿ ಚಾಚಾ? ಇಲ್ಲಿ ಯಾರೂ ದುಡ್ಡಿಗಾಗಿ ಬಂದವರಲ್ಲ ಅಂತ ಮೊದಲ ದಿನವೇ ಹೇಳಿದ್ದಾರೆ" ಎಂದು ತಲೆ ತಗ್ಗಿಸಿದಳು. ಕೂಲಿ ಕೇಳುವುದು ತಪ್ಪಲ್ಲವೆಂದು ಬೀಡಿ ಕಟ್ಟುವವರಿಗೆ ಹೇಳಿಕೊಡುವವಳು ತನ್ನ ಕೂಲಿ ಕೇಳಲು ನಾಚುತ್ತಿದ್ದಳು.

ಕಾರ್ಯದರ್ಶಿಯವರು ಕೆಟ್ಟವರಲ್ಲ. ಅವರೂ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದವರು, ಸಂಸ್ಥೆಗಾಗಿ ಮನೆಯ ಒಡವೆ ಅಡವಿಟ್ಟವರು. ಆದರೆ ಆ ತ್ಯಾಗ ಅವರೇ ಆರಿಸಿಕೊಂಡದ್ದು. ಈ ಹುಡುಗಿಯ ತ್ಯಾಗವನ್ನು ಆರಿಸಿದವರು ಯಾರು? ತ್ಯಾಗವನ್ನು ನಾವು ಮಾಡಬಹುದು, ಇನ್ನೊಬ್ಬರಿಂದ ಮಾಡಿಸಲಾಗದು. ಮಾಡಿಸಿದರೆ ಅದರ ಹೆಸರು ಬಿಟ್ಟಿ ಚಾಕರಿ.

ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1978ರಲ್ಲಿ ತೀರ್ಪು ನೀಡಿತು. ಲಾಭದ ಉದ್ದೇಶವಿಲ್ಲ ಎಂಬ ಒಂದೇ ಕಾರಣಕ್ಕೆ ಸಂಸ್ಥೆಯೊಂದು ಕೈಗಾರಿಕಾ ವಿವಾದ ಕಾಯ್ದೆಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಾದರೋ ದಾನಧರ್ಮ, ಸಮಾಜಸೇವೆಗಳಲ್ಲಿ ತೊಡಗಿದ ಸಂಸ್ಥೆಗಳನ್ನು 'ಕೈಗಾರಿಕೆ'ಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಕಾನೂನು ಹಿಂದೆ ಸರಿದಲ್ಲಿ ನ್ಯಾಯಪ್ರಜ್ಞೆ ಮುಂದೆ ಬರಬೇಕಾಗುತ್ತದೆ.

ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರು ಆದ ಮೇಲೆ ಮೂರನೆಯವರಾಗಿ ಬರುವವರು ಝಕಾತಿನ ಕೆಲಸಕ್ಕೆ ನೇಮಕಗೊಂಡವರು. ದಾನದ ಹಣವನ್ನು ಹೊತ್ತು ಓಡಾಡುವವನ ಹೊಟ್ಟೆಯನ್ನು ಆ ಪಟ್ಟಿ ಮರೆತಿಲ್ಲ. ನಮ್ಮ ಪಕ್ಕದ ಸಿದ್ಧಗಂಗೆ ನೆನಪಿಸುವ ಶರಣರ ದಾರಿಯಲ್ಲೂ ದಾಸೋಹದ ಜೊತೆಗೆ ಕಾಯಕವಿದೆ. ಕಾಯಕದವನು ಉಣ್ಣದೆ ದಾಸೋಹ ನಡೆಯುವುದಿಲ್ಲ.

ಅಣ್ಣ, ಅಕ್ಕ ಎಂದು ಕರೆಸಿಕೊಳ್ಳುವುದು ಸುಲಭ. ಹಾಗೆ ಕರೆಸಿಕೊಂಡವರು ಹೊಸದಾಗಿ ಬಂದ ತಂಗಿಯ ಮನೆಯಲ್ಲಿ ಒಲೆ ಉರಿಯಿತೇ ಎಂದು ವಿಚಾರಿಸಬೇಕು. ಸಂಬಳ ತಡವಾಗುವುದಿದ್ದರೆ ಕೆಲಸಕ್ಕೆ ಸೇರುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಅದನ್ನು ತಿಳಿದೂ ಅವಳು ಒಪ್ಪಿ ಬಂದರೆ, ಅದು ಸೇವೆ.

ಮರುದಿನ ಅವಳು ಕೇಳಿಯೇ ಬಿಟ್ಟಳು. ಸಂಬಳ ಇನ್ನೂ ಬಂದಿಲ್ಲ. ತಲೆ ಮಾತ್ರ ತಗ್ಗಿಲ್ಲ.