ಹಣ್ಣುನೊಣದ ಪರವಾಗಿ ಒಂದು ನಿವೇದನೆ

ಕಾಲದ ಒಡೆಯನೇ, ಕಳಿತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದ ಪರವಾಗಿ ನಿನ್ನ ಮುಂದೆ ನಿಂತಿದ್ದೇನೆ. ಸುಮಾರು 3 ಮಿಲಿಮೀಟರ್ ಉದ್ದದ ಜೀವ ಅದು. ನಾವು ಕೈಬೀಸಿ ಓಡಿಸುತ್ತೇವೆ; ನೀನು ಅದರ ಮಿದುಳಿನಲ್ಲಿ ಹೊತ್ತು ಬಲ್ಲ ಕೋಶಗಳನ್ನಿಟ್ಟೆ.

ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಪುಟ್ಟ ನರಕೋಶಗಳು. ಪಿಡಿಎಫ್ ಎಂಬ ಪೆಪ್ಟೈಡನ್ನು ಸೂಸಿ ಉಳಿದ ಗಡಿಯಾರ ಕೋಶಗಳಿಗೆ ವೇಳೆ ತಿಳಿಸುತ್ತವೆ. ಮಿದುಳಿನ ಮೇಲ್ಭಾಗಕ್ಕೆ ಅವು ಚಾಚಿದ ಎಳೆಗಳ ತುದಿ ಬೆಳಗ್ಗೆ ಕವಲೊಡೆದು ಹರಡಿರುತ್ತದೆ. ಇರುಳಿಗೆ, ಹುಣಸೆಯ ಎಲೆಗಳು ಮಡಚಿಕೊಳ್ಳುವ ಹಾಗೆ, ಕವಲುಗಳು ಮುದುಡಿ ಒಂದಾಗುತ್ತವೆ. ಹೊತ್ತು ಬದಲಾದಂತೆ ಅವು ಕೂಡಿಕೊಳ್ಳುವ ನೆರೆಕೋಶಗಳೂ ಬದಲಾಗುತ್ತವೆ. ನೊಣವನ್ನು ಕತ್ತಲಲ್ಲೇ ಇಟ್ಟರೂ ಈ ನೇಮ ನಿಲ್ಲದು. ಗಡಿಯಾರವನ್ನು ನಡೆಸುವ ಪೀರಿಯಡ್ ಎಂಬ ಜೀನ್ ಕೆಟ್ಟರೆ ನಿಲ್ಲುತ್ತದೆ. ಮನೆನೊಣದ ಕಣ್ಣಿನ ಹಿಂದಿನ ನರತಂತುಗಳು ಹಗಲು ಉಬ್ಬಿ ಇರುಳು ಕುಗ್ಗುವುದನ್ನು ಎಲ್ಜ್‌ಬಿಯೆಟಾ ಪೀಜಾ ಮತ್ತು ಇಯಾನ್ ಮೈನರ್ಟ್ಸ್‌ಹಾಗನ್ ಮೊದಲೇ ತೋರಿಸಿದ್ದರು. ಹಣ್ಣುನೊಣದ ಈ ಕವಲುಗಳ ಸಂಗತಿಯನ್ನು 2008ರಲ್ಲಿ ಬ್ಯೂನಸ್ ಐರಿಸ್‌ನ ಫರ್ನಾಂಡಾ ಸೆರಿಯಾನಿಯವರ ತಂಡ ತಿಳಿಸಿತು. ನರಕೋಶದ ಆಕಾರ ದಿನದಿನವೂ ಹೊಸತಾಗಿ ಕಟ್ಟಿಕೊಳ್ಳುತ್ತದೆಂದು ಓದಿದಾಗ ನಿನಗೆ ಕೈಮುಗಿದೆ.

ಆದರೆ ತಂದೆಯೇ, ಅದು ತಿಳಿದ ಬಗೆ ನನ್ನನ್ನು ಕಾಡುತ್ತದೆ. ಬೆಳಗಿನ ಆಕಾರ ಕಾಣಲು ಕೆಲವು ನೊಣಗಳು ಬೆಳಗ್ಗೆ ಸತ್ತವು. ಇರುಳಿನದನ್ನು ಕಾಣಲು ಬೇರೆ ಕೆಲವು ಇರುಳು ಸತ್ತವು. ಮಿದುಳನ್ನು ಬಿಡಿಸಿ ರಾಸಾಯನಿಕದಲ್ಲಿ ಅದ್ದಿದ ಮೇಲೆ ಅದಕ್ಕೆ ಮುಂದಿನ ಹೊತ್ತೆಂಬುದಿಲ್ಲ. ಬೆಳಗ್ಗೆ ಅರಳಿದ್ದ ಕೋಶ ಮುದುಡಲಿಲ್ಲ. ಇರುಳು ಮುದುಡಿದ್ದು ಮತ್ತೆ ಅರಳಲಿಲ್ಲ. ಒಂದು ಕೋಶದ ಒಂದು ದಿನವೆಂದು ನಾವು ಓದುವುದು ಹಲವು ಜೀವಗಳ ಕೊನೆಯ ಗಳಿಗೆಗಳನ್ನು ಸೇರಿಸಿ ಹೊಲಿದ ದಿನ.

ಈ ಕೆಲಸ ನಿಲ್ಲಲೆಂದು ಬೇಡುತ್ತಿಲ್ಲ. ಪೀರಿಯಡ್‌ನ ಬಂಧು ಜೀನ್‌ಗಳು ನಮ್ಮ ಮೈಯಲ್ಲೂ ಇವೆ. ರಾತ್ರಿಪಾಳಿಯಲ್ಲಿ ನಿದ್ದೆ ಕಳೆದುಕೊಂಡವರ ಸಂಕಟ ಅರಿಯಲು ನೊಣ ಕಲಿಸಿದ್ದು ಬೇಕು. ಬ್ಯೂನಸ್ ಐರಿಸ್‌ನಲ್ಲಿ, ಪೀಜಾ ಅವರ ಕ್ರಾಕೋವ್‌ನಲ್ಲಿ, ಹಣ್ಣುನೊಣದ ಗಡಿಯಾರವನ್ನು ಅಭ್ಯಸಿಸಿದ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂರುವವರ ಕೈಯಲ್ಲಿ ಕರುಣೆಯಿರಲಿ. ಪ್ರಶ್ನೆಗೆ ಬೇಕಾದಷ್ಟಕ್ಕಿಂತ ಒಂದು ನೊಣವೂ ಹೆಚ್ಚಿಗೆ ಸಾಯದಿರಲಿ. ಬದುಕಿರುವ ಒಂದೇ ನೊಣದಲ್ಲಿ ಬೆಳಗನ್ನೂ ಇರುಳನ್ನೂ ಕಾಣುವ ವಿಧಾನಗಳು ಬಲಿಯಲಿ, ಬೇಗ ಬಲಿಯಲಿ.